ನಂಬದ ಮಾತಿನ ವ್ಯಂಗ್ಯ: ಹಳೆಯ ಇಂಗ್ಲಿಷ್ ನುಡಿಗಟ್ಟುಗಳ ಬೋಧನೆ

ಉದ್ದೇಶ: ಇಂಗ್ಲಿಷ್ ಕಥೆ, ನಾಟಕಗಳಲ್ಲಿ ಬರುವ, ಇಂದು ಬಳಕೆ ತಗ್ಗಿರುವ ಅಪನಂಬಿಕೆಯ ನುಡಿಗಟ್ಟುಗಳನ್ನು ವಿದ್ಯಾರ್ಥಿಗಳು ಗುರುತಿಸುವುದು, ಅವುಗಳ ಭಾವವನ್ನು ಕನ್ನಡದಲ್ಲಿ ಹೇಳಬಲ್ಲವರಾಗುವುದು.

1. ಪ್ರವೇಶ

ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್ಮಸ್ ಕೆರೋಲ್' ಪ್ರಕಟವಾದುದು 1843ರಲ್ಲಿ. ಅದರ ಕೊನೆಯ ಭಾಗದಲ್ಲಿ, ಮನಸ್ಸು ಬದಲಾದ ಜಿಪುಣ ಸ್ಕ್ರೂಜ್ ಕಿಟಕಿಯಿಂದ ಇಣುಕಿ, ಅಂಗಡಿಯಲ್ಲಿರುವ ಭಾರಿ ಟರ್ಕಿ ಕೋಳಿಯನ್ನು ಕೊಂಡು ಬರುವಂತೆ ಬೀದಿಯ ಹುಡುಗನಿಗೆ ಹೇಳುತ್ತಾನೆ. ಹುಡುಗನ ಉತ್ತರ ಒಂದೇ ಪದ: 'ವಾಕರ್!' ನಿಘಂಟು ತೆರೆದ ವಿದ್ಯಾರ್ಥಿಗೆ 'ನಡೆಯುವವನು' ಎಂಬ ಅರ್ಥ ದೊರೆಯುತ್ತದೆ. ಇಲ್ಲವೇ ಅದು ಯಾರದೋ ಹೆಸರೆಂದು ತೋರುತ್ತದೆ. ವಾಸ್ತವವಾಗಿ ಅದು ಅಂದಿನ ಲಂಡನ್ ಬೀದಿಯ ಮಾತು. 'ಹುಕಿ ವಾಕರ್' ಎಂಬುದು ಅದರ ಪೂರ್ಣರೂಪ; 'ಇದನ್ನು ನಾನು ನಂಬುವೆನೇ?' ಎಂಬುದು ಅದರ ಭಾವ. ಮುಂದೆ ಸ್ಕ್ರೂಜ್ ತಾನು ನಿಜವಾಗಿಯೇ ಹೇಳುತ್ತಿರುವುದಾಗಿ ಭರವಸೆ ಕೊಡುತ್ತಾನೆ. ಹುಡುಗನ ಪದ ತಿಳಿಯದಿದ್ದರೆ ಆ ಭರವಸೆಗೆ ಕಾರಣವೇ ಕಾಣುವುದಿಲ್ಲ.

2. ವಿದ್ಯಾರ್ಥಿಗೆ ಪರಿಚಿತವಾದ ನೆಲೆ

ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನು ವಕ್ರೋಕ್ತಿಯನ್ನು ಶ್ಲೇಷವಕ್ರೋಕ್ತಿ, ಕಾಕುವಕ್ರೋಕ್ತಿ ಎಂದು ಎರಡಾಗಿ ವಿಂಗಡಿಸಿದನು. ಕಾಕು ಎಂದರೆ ಧ್ವನಿಯ ವಿಕಾರ. ಪದ ಬದಲಾಗದೆ, ಉಚ್ಚಾರದ ಏರಿಳಿತದಿಂದಲೇ ಅರ್ಥ ತಿರುಗುತ್ತದೆ. ಮುದ್ರಿತ ಪುಟದಲ್ಲಿ ಧ್ವನಿ ಕೇಳಿಸದು; ಆದ್ದರಿಂದ ಓದುಗನು ಸಂದರ್ಭದಿಂದ ಅದನ್ನು ಊಹಿಸಬೇಕಾಗುತ್ತದೆ.

ಆಡುಮಾತಿನಲ್ಲಿ ಮಕ್ಕಳು ಇದನ್ನು ದಿನವೂ ಮಾಡುತ್ತಾರೆ. 'ಬುರುಡೆ ಬಿಡಬೇಡ', 'ಕಾಗೆ ಹಾರಿಸಬೇಡ', 'ಇವನು ಸತ್ಯಹರಿಶ್ಚಂದ್ರನ ಮೊಮ್ಮಗ' ಎಂಬ ಮಾತುಗಳು ಅವರಿಗೆ ಹೊಸತಲ್ಲ. ಕನ್ನಡದ 'ಕಿವಿಗೆ ಹೂವಿಡುವುದು' ಗಡಿಯಾಚೆಗೂ ಹಬ್ಬಿದೆ: ತಮಿಳಿನಲ್ಲಿ ಕಿವಿಗೆ ಹೂ ಸುತ್ತುತ್ತಾರೆ, ತೆಲುಗಿನಲ್ಲಿ ಕಿವಿಯಲ್ಲಿ ಹೂವಿಡುತ್ತಾರೆ. ಮರಾಠಿಯಲ್ಲಿ 'ಥಾಪಾ' ಹೊಡೆಯುತ್ತಾರೆ. ಮಲಯಾಳದಲ್ಲಿ 'ಪುಳು' ಹೊಡೆಯುತ್ತಾರೆ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಈ ಸಾಮ್ಯವೇ ಪಾಠದ ಮೊದಲ ಮೆಟ್ಟಿಲು.

3. ನುಡಿಗಟ್ಟುಗಳ ಬಗೆಗಳು

ಅ) ಬೇರೆಯವರತ್ತ ಕಳುಹಿಸುವುದು: 'ಟೆಲ್ ಇಟ್ ಟು ದ ಮರೀನ್ಸ್.' ಮರೀನ್ಸ್ ಎಂದರೆ ಹಡಗಿನಲ್ಲಿರುವ ಸೈನಿಕರು. ಅವರಿಗೆ ಕಡಲಿನ ಅನುಭವ ಕಡಿಮೆ, ಯಾವ ಕಟ್ಟುಕಥೆಯನ್ನೂ ನಂಬಿಬಿಡುತ್ತಾರೆ ಎಂಬುದು ನಾವಿಕರ ಹಾಸ್ಯ. ವಾಲ್ಟರ್ ಸ್ಕಾಟ್‌ನ 1824ರ 'ರೆಡ್‌ಗಾಂಟ್ಲೆಟ್' ಕಾದಂಬರಿಯಲ್ಲಿ ಇದರ ಬಳಕೆಯಿದೆ.

ಆ) ಎದುರಾಳಿಯ ಪದವನ್ನೇ ಹಿಡಿದು ಅಣಕಿಸುವುದು: 'ಟೈರ್ಡ್, ಮೈ ಫುಟ್!' ಇಲ್ಲಿ ಪಾದಕ್ಕೆ ಯಾವ ಸಂಬಂಧವೂ ಇಲ್ಲ. ಕನ್ನಡದಲ್ಲಿ ಇದೇ ಕೆಲಸವನ್ನು 'ಅಂತೆ' ಪ್ರತ್ಯಯ ಮತ್ತು ದ್ವಿರುಕ್ತಿ ಮಾಡುತ್ತವೆ: 'ದಣಿವಂತೆ, ದಣಿವು!'

ಇ) ಅಸಾಧ್ಯಕ್ಕೆ ಅಸಾಧ್ಯವನ್ನು ಜೋಡಿಸುವುದು: 'ಆ್ಯಂಡ್ ಐ ಆ್ಯಮ್ ದ ಕ್ವೀನ್ ಆಫ್ ಶೀಬಾ.' ಶೀಬಾ ಬೈಬಲ್ಲಿನಲ್ಲಿ ಸೊಲೊಮನ್ ದೊರೆಯನ್ನು ಕಾಣಬಂದ ರಾಣಿಯ ನಾಡು. 'ನಿನ್ನ ಮಾತು ನಿಜವಾದರೆ ನಾನೂ ಮಹಾರಾಣಿ' ಎಂಬುದು ತಾತ್ಪರ್ಯ.

ಈ) ಒಪ್ಪಿಗೆಯ ವೇಷದ ನಿರಾಕರಣೆ: 'ಎ ಲೈಕ್ಲಿ ಸ್ಟೋರಿ.' ಪದಶಃ 'ನಂಬಬಹುದಾದ ಕಥೆ'. ಭಾವದಲ್ಲಿ ಅದರ ವಿರುದ್ಧ. ವ್ಯಾಜಸ್ತುತಿಯನ್ನು ಕಲಿತ ವಿದ್ಯಾರ್ಥಿಗೆ ಇದು ಸುಲಭ.

ಉ) ವಾಕ್ಯದ ಕೊನೆಯಲ್ಲಿ ತಿರುವು: ಪೂರ್ಣ ವಾಕ್ಯದ ನಂತರ 'ನಾಟ್!' ಎನ್ನುವುದು. 'ವೇನ್ಸ್ ವರ್ಲ್ಡ್' ಚಲನಚಿತ್ರ ಬಂದ 1992ರಲ್ಲಿ ಅಮೆರಿಕನ್ ಡಯಲೆಕ್ಟ್ ಸೊಸೈಟಿ ಇದನ್ನು ವರ್ಷದ ಪದವಾಗಿ ಆರಿಸಿತು. ಇಂದು ಅದೂ ಹಳತಾಗಿದೆ. ಬೀದಿಮಾತಿನ ಆಯುಸ್ಸು ಎಷ್ಟು ಚಿಕ್ಕದು ಎಂಬುದಕ್ಕೆ ಇದು ಸಾಕ್ಷಿ.

4. ತರಗತಿಯಲ್ಲಿ

ಶಿಕ್ಷಕರು 'ಇವತ್ತು ಬೇಗ ಬಂದೆ' ಎಂಬ ಒಂದೇ ವಾಕ್ಯವನ್ನು ಸಂತೋಷ, ಸಂದೇಹ, ವ್ಯಂಗ್ಯಗಳಲ್ಲಿ ಮೂರು ಬಾರಿ ಓದಬೇಕು. ಭಾವವನ್ನು ಮಕ್ಕಳು ಗುರುತಿಸಬೇಕು. ಬಳಿಕ ಇಂಗ್ಲಿಷ್ ನುಡಿಗಟ್ಟನ್ನು ಕೊಟ್ಟು ಮೂರು ಪ್ರಶ್ನೆ ಕೇಳಬೇಕು: ಪದಶಃ ಅರ್ಥವು ಸಂದರ್ಭಕ್ಕೆ ಹೊಂದುತ್ತದೆಯೇ? ಇದಕ್ಕೆ ಮೊದಲು ಯಾರು ಏನು ಹೇಳಿದರು? ಕೇಳಿದವನು ಮುಂದೆ ಹೇಗೆ ಪ್ರತಿಕ್ರಿಯಿಸಿದನು? ಈ ಮೂರರಿಂದ ನಿಘಂಟಿನ ನೆರವಿಲ್ಲದೆಯೂ ಭಾವ ಬಹುಮಟ್ಟಿಗೆ ತಿಳಿಯುತ್ತದೆ. ಭಾಷಾಂತರದಲ್ಲಿ ಪಾದ, ರಾಣಿ, ಸೈನಿಕರನ್ನು ಉಳಿಸಿಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಆಡುವ ಮಾತನ್ನು ಮಗು ಬರೆದರೆ ಅದನ್ನು ಸರಿಯೆಂದೇ ಎಣಿಸಬೇಕು.

5. ಎಚ್ಚರಿಕೆ

ಇವು ಗುರುತಿಸಲು ಕಲಿಯಬೇಕಾದ ನುಡಿಗಳು, ಬಳಸಲು ಅಲ್ಲ. ಸಂದರ್ಶನದಲ್ಲಾಗಲಿ ಅರ್ಜಿಯಲ್ಲಾಗಲಿ ಇವು ಉದ್ಧಟತನವೆನಿಸುತ್ತವೆ. ಶಿಕ್ಷಕರೂ ಇವನ್ನು ಮಕ್ಕಳ ಮೇಲೆ ಪ್ರಯೋಗಿಸಬಾರದು. ಬಸ್ಸು ಬರಲಿಲ್ಲವೆಂದು ನಿಜ ಹೇಳಿದ ಮಗುವಿಗೆ 'ಒಳ್ಳೆಯ ಕಥೆ' ಎಂಬ ಉತ್ತರ ದೊರೆತರೆ, ಮರುದಿನ ಅದು ಕಾರಣವನ್ನೇ ಹೇಳದು. ವ್ಯಂಗ್ಯವು ಸಮಾನರ ನಡುವೆ ವಿನೋದ. ಉತ್ತರಿಸಲಾರದವರ ಮೇಲೆ ಅದು ಗಾಯ.

ಅಭ್ಯಾಸ

1. 'ಮೈ ಫುಟ್' ಮಾದರಿಯ ಮೂರು ವಾಕ್ಯಗಳನ್ನು 'ಅಂತೆ' ಬಳಸಿ ಕನ್ನಡದಲ್ಲಿ ರಚಿಸಿರಿ.
2. ನಿಮ್ಮ ಊರಿನಲ್ಲಿ ಸುಳ್ಳನ್ನು ಅಣಕಿಸಲು ಬಳಸುವ ಐದು ಮಾತುಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿರಿ. ನೆರೆಭಾಷೆಯ ಸಮಾನ ಮಾತುಗಳಿದ್ದರೆ ಜೊತೆಗೆ ಬರೆಯಿರಿ.
3. ಅವುಗಳಲ್ಲಿ ಈಗ ಬಳಕೆ ತಪ್ಪಿದವು ಯಾವುವು? ಕಾರಣವನ್ನು ಚರ್ಚಿಸಿರಿ.