ಅಟ್ಟಣೆಯಿಂದ ಬೀಳುವ ದೇಹ

ನಂಜನಗೂಡು ತಾಲ್ಲೂಕಿನ ತಾಂಡ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಭಾರಿ ಯಂತ್ರಗಳಿಗೆ ಎಣ್ಣೆ ಹಾಕಲು, ಬೋಲ್ಟು ಬಿಗಿಯಲು ಕೆಲಸಗಾರರು ಅಟ್ಟಣೆಯನ್ನೇರಬೇಕಾಗುತ್ತದೆ. ನಾಲ್ಕು ಮೀಟರಿನ ಎತ್ತರವು ಕಣ್ಣಿಗೆ ಭಯಂಕರವಾಗಿ ತೋರದು. ಆದರೆ ಅಪಾಯವನ್ನು ಅಳೆಯಬೇಕಾದುದು ಕಣ್ಣಳತೆಯಿಂದಲ್ಲ, ಲೆಕ್ಕದಿಂದ.

ಭೂಮಿಯ ಸೆಳೆತದಿಂದ ಬೀಳುವ ವಸ್ತುವಿನ ವೇಗವು ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆ ಹೆಚ್ಚುತ್ತದೆ. ನಾಲ್ಕು ಮೀಟರನ್ನು ದಾಟಲು ಹಿಡಿಯುವ ಕಾಲ ಕೇವಲ 0.9 ಸೆಕೆಂಡು, ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 32 ಕಿಲೊಮೀಟರು. ಕಾಲು ಜಾರಿದುದನ್ನು ಅರಿತು ಕೈಚಾಚಲು ಕಾಲು ಸೆಕೆಂಡು ಬೇಕೆಂದರೂ, ಅಷ್ಟರಲ್ಲಿ ದೇಹವು 30 ಸೆಂಟಿಮೀಟರು ಕೆಳಗಿಳಿದಿರುತ್ತದೆ. ಎಚ್ಚರಿಕೆಯೊಂದೇ ರಕ್ಷಣೆಯಾಗಲಾರದೆಂಬುದು ಇದರಿಂದ ಸ್ಪಷ್ಟ.

ಪೆಟ್ಟು ಕೊಡುವುದು ಬೀಳುವಿಕೆಯಲ್ಲ, ಥಟ್ಟನೆ ನಿಲ್ಲುವಿಕೆ. ಒಟ್ಟು ಇಳಿದ ದೂರವನ್ನು ನಿಲ್ಲಲು ದೊರೆತ ದೂರದಿಂದ ಭಾಗಿಸಿದರೆ, ದೇಹದ ಮೇಲೆ ಬೀಳುವ ಸರಾಸರಿ ಬಲವು ಅದರ ತೂಕದ ಎಷ್ಟು ಪಟ್ಟೆಂಬುದು ತಿಳಿಯುತ್ತದೆ. ಕಾಂಕ್ರೀಟಿನ ಮೇಲೆ ಐದು ಸೆಂಟಿಮೀಟರಿನೊಳಗೆ ನಿಂತರೆ ಅದು 81 ಪಟ್ಟು: 60 ಕಿಲೊಗ್ರಾಂ ತೂಗುವವನ ಮೇಲೆ ಸುಮಾರು ಐದು ಟನ್ನಿನ ಭಾರ! ಕೆಳಗಿರುವುದು ಯಂತ್ರದ ಅಂಚಾದರೆ ಈ ಬಲವೆಲ್ಲ ಅಂಗೈಯಗಲದ ಜಾಗಕ್ಕೆ ಬೀಳುತ್ತದೆ.

ಸುರಕ್ಷಾ ಬೆಲ್ಟಿನ ಹಗ್ಗದಲ್ಲಿ, ಜಗ್ಗಿದಾಗ ಹೊಲಿಗೆ ಬಿಚ್ಚಿ ಉದ್ದವಾಗುವ ಮಡಿಕೆಯಿರುವುದು ಈ ನಿಲ್ಲುವ ದೂರವನ್ನು ಹೆಚ್ಚಿಸಲೆಂದೇ. ಆದರೂ ಹಗ್ಗವನ್ನು ಎಲ್ಲಿ ಕಟ್ಟಿದೆಯೆಂಬುದು ಮುಖ್ಯ. ಹಗ್ಗದ ಉದ್ದ ಎರಡು ಮೀಟರು, ಬೆನ್ನಿನ ಕೊಂಡಿ ಅಟ್ಟಣೆಯಿಂದ ಒಂದೂವರೆ ಮೀಟರು ಮೇಲಿದೆಯೆನ್ನೋಣ. ಹಗ್ಗವನ್ನು ಪಾದದ ಮಟ್ಟದಲ್ಲಿ ಕಟ್ಟಿದರೆ ಅದು ಬಿಗಿಯುವ ಮೊದಲೇ ಮೂರೂವರೆ ಮೀಟರು ಬಿದ್ದಾಯಿತು. ಮಡಿಕೆ ಒಂದು ಮೀಟರು ಬಿಚ್ಚಿದರೆ ಒಟ್ಟು ನಾಲ್ಕೂವರೆ. ಅಂದರೆ ನಾಲ್ಕು ಮೀಟರಿನ ಅಟ್ಟಣೆಯಲ್ಲಿ ಬೆಲ್ಟು ಕಟ್ಟಿದವನೂ ನೆಲಕ್ಕೆ ಬಡಿಯುವನು. ತಲೆಯ ಮೇಲೆ, ಎರಡೂವರೆ ಮೀಟರು ಎತ್ತರದ ಭದ್ರವಾದ ತೊಲೆಗೆ ಕಟ್ಟಿದರೋ, ಹಗ್ಗ ಬಿಗಿಯುವ ಮುನ್ನ ಬೀಳುವುದು ಒಂದೇ ಮೀಟರು. ಮಡಿಕೆ ಅರ್ಧ ಮೀಟರು ಬಿಚ್ಚಿದರೆ ಬಲವು ತೂಕದ ಮೂರು ಪಟ್ಟಿಗೆ ಇಳಿಯುತ್ತದೆ.

ಬಿದ್ದವರನ್ನು ಹಿಡಿಯುವುದಕ್ಕಿಂತ ಬೀಳದಂತೆ ತಡೆಯುವುದೇ ಮೇಲು. ಎತ್ತರದಲ್ಲಿ ದುಡಿಯುವವರಿಗೆ ತಡೆಬೇಲಿ ಮುಂತಾದ ರಕ್ಷಣೆಯಿರಬೇಕೆಂಬ ನಿಯಮವು 1948ರ ಕಾರ್ಖಾನೆಗಳ ಕಾಯಿದೆಯ 32ನೆಯ ಪ್ರಕರಣದಲ್ಲಿ ಸೇರಿತ್ತು. ಅಟ್ಟಣೆಯ ಸುತ್ತ ಸೊಂಟದೆತ್ತರದ ಕಂಬಿ, ಅಂಚಿನಲ್ಲಿ ಉಪಕರಣ ಉರುಳದಂತೆ ತಡೆಯುವ ಅಡ್ಡಪಟ್ಟಿ, ಎಣ್ಣೆಯ ಜಿಡ್ಡಿಲ್ಲದ ಹಲಗೆ, ಮೇಲೇರುವ ಮುನ್ನವೇ ನಿಲ್ಲಿಸಿದ ಯಂತ್ರ: ಇಷ್ಟಿದ್ದಲ್ಲಿ ಮೇಲಿನ ಲೆಕ್ಕವು ಕಾಗದದ ಮೇಲೆಯೇ ಉಳಿಯುತ್ತದೆ.