ಅಂಗಸಾಧನೆಯೂ ಮನಸ್ಸಿನ ಆರೋಗ್ಯವೂ

ನಮ್ಮ ಹೆಣ್ಣುಮಕ್ಕಳು ಚಿಕ್ಕವರಿರುವಾಗ ಅಂಗಳದಲ್ಲಿ ಕುಂಟಾಬಿಲ್ಲೆಯಾಡುತ್ತ, ಹಗ್ಗ ಹಾರುತ್ತ, ಹೊತ್ತು ಮುಳುಗಿದರೂ ಒಳಗೆ ಬಾರದೆ ತಾಯಂದಿರಿಂದ ಗದರಿಸಿಕೊಳ್ಳುವುದುಂಟು. ಅದೇ ಬಾಲಕಿಯರು ಮೇಲಿನ ತರಗತಿಗಳಿಗೆ ಬಂದೊಡನೆ ಆಟವು ನಿಂತುಹೋಗುತ್ತದೆ. ದೊಡ್ಡವಳಾದವಳು ಓಡಬಾರದೆಂದು ಕೆಲವರೂ, ಪರೀಕ್ಷೆಯು ಹತ್ತಿರವಾಯಿತೆಂದು ಕೆಲವರೂ ತಡೆಯುತ್ತಾರೆ. ಇದರಿಂದಾಗುವ ನಷ್ಟವು ದೇಹಕ್ಕೆ ಮಾತ್ರವಲ್ಲ, ಮನಸ್ಸಿಗೂ ತಗಲುವುದೆಂಬುದನ್ನು ನಾವು ಮನಗಾಣಬೇಕು.

ಖಿನ್ನತೆಯೆಂಬುದು ಒಂದು ದಿನದ ಬೇಸರವಲ್ಲ. ಎರಡು ವಾರಗಳಿಗೆ ಕಡಿಮೆಯಿಲ್ಲದೆ ಮನಸ್ಸು ಕುಗ್ಗಿ, ಮೆಚ್ಚಿನ ಕಾರ್ಯಗಳಲ್ಲಿಯೂ ಆಸಕ್ತಿಯು ಅಳಿದು, ನಿದ್ರೆ, ಹಸಿವು, ಏಕಾಗ್ರತೆಗಳು ಕೆಡುವ ರೋಗವದು. ಅದನ್ನು ಸೋಮಾರಿತನವೆಂದು ಜರೆಯುವುದು ಅನ್ಯಾಯ.

ವ್ಯಾಯಾಮವು ಈ ರೋಗವನ್ನು ತಡೆಯಬಲ್ಲುದೆ? ನಾರ್ವೆ ದೇಶದ ಉತ್ತರ ಟ್ರೊಂಡೆಲಾಗ್ ಪ್ರಾಂತದಲ್ಲಿ ಆರೋಗ್ಯವಂತರಾದ 33,908 ಮಂದಿ ವಯಸ್ಕರನ್ನು ವಿದ್ವಾಂಸರು 11 ವರ್ಷಗಳ ಕಾಲ ಗಮನಿಸಿ, ಅದರ ಫಲವನ್ನು 2017ರಲ್ಲಿ ಪ್ರಕಟಿಸಿದರು. ಎಲ್ಲರೂ ವಾರಕ್ಕೆ ಒಂದು ಗಂಟೆಯಾದರೂ ವ್ಯಾಯಾಮ ಮಾಡಿದ್ದರೆ, ಮುಂದೆ ತಲೆದೋರಿದ ಖಿನ್ನತೆಯ ಪ್ರಕರಣಗಳಲ್ಲಿ 100ಕ್ಕೆ 12 ತಪ್ಪಬಹುದಾಗಿತ್ತೆಂದು ಅವರು ಅಂದಾಜು ಮಾಡಿದರು. ಬಿರುಸಾದ ಓಟವೇ ಆಗಬೇಕೆಂಬ ನಿಯಮವಿರಲಿಲ್ಲ; ನಿಧಾನದ ನಡಿಗೆಯಿಂದಲೂ ಪ್ರಯೋಜನವು ಕಂಡುಬಂದಿತು.

ಇದಕ್ಕೆ ಕಾರಣಗಳು ಹಲವು. ದಣಿದ ದೇಹಕ್ಕೆ ಒಳ್ಳೆಯ ನಿದ್ರೆ ಬರುತ್ತದೆ. ಗೆಳತಿಯರೊಡನೆ ಆಡುವಾಗ ಒಂಟಿತನವು ನೀಗುತ್ತದೆ. ನಿನ್ನೆ ಆಗದುದನ್ನು ಇಂದು ಮಾಡಿದೆನೆಂಬ ಧೈರ್ಯವು ಹುಟ್ಟುತ್ತದೆ.

ಶಾಲೆಗೆ ಹೋಗುವ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಅದೇ ಸಂಸ್ಥೆಯ 2016ರ ಲೆಕ್ಕದಂತೆ, ಲೋಕದಲ್ಲಿ 11ರಿಂದ 17 ವಯಸ್ಸಿನ ಶಾಲಾ ಬಾಲಕಿಯರಲ್ಲಿ 100ಕ್ಕೆ 85 ಮಂದಿಗೆ ಇಷ್ಟು ದೊರೆಯುತ್ತಿರಲಿಲ್ಲ. ಬಾಲಕರಲ್ಲಿ ಈ ಸಂಖ್ಯೆ 78.

ಒಂದು ಎಚ್ಚರಿಕೆಯ ಮಾತು. ವ್ಯಾಯಾಮವು ರೋಗದ ಸಂಭವವನ್ನು ತಗ್ಗಿಸುವುದೇ ಹೊರತು ಪೂರ್ಣವಾಗಿ ನಿವಾರಿಸದು. ಖಿನ್ನಳಾದ ಹುಡುಗಿಯನ್ನು ಆಡು ಹೋಗೆಂದು ಅಟ್ಟಿದರೆ ಸಾಲದು. ಅವಳ ಮಾತನ್ನು ತಾಳ್ಮೆಯಿಂದ ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಬದುಕು ಸಾಕೆಂದು ಅವಳು ನುಡಿದರಂತೂ ಒಂದು ದಿನವನ್ನೂ ಕಳೆಯಲಾಗದು.

ಮಾನ್ಯ ಪೋಷಕರೇ, ಪರೀಕ್ಷೆಯ ತಿಂಗಳಲ್ಲಿಯೂ ಮಗಳ ಸಂಜೆಯ ಆಟವನ್ನು ಕಸಿಯದಿರಿ. ಪೂರ್ವ ವಿದ್ಯಾರ್ಥಿನಿಯರಾದ ಸಹೋದರಿಯರೇ, ಸಂಸಾರಭಾರದ ನಡುವೆ ನೀವು ಮರೆತಿರುವ ಆಟದ ಬಯಲನ್ನು ನೆನೆಯಿರಿ. ಇಂದಿನ ಸಂಜೆ ಮಗಳ ಕೈಹಿಡಿದು ಅರ್ಧ ಗಂಟೆ ನಡೆಯಿರಿ. ಇಬ್ಬರಿಗೂ ಹಿತವಾದೀತು.