ಗಾಳಕ್ಕೆ ಸಿಕ್ಕ ಮೀನಿನ ಲೆಕ್ಕ

ಮಕ್ಕಳೇ, ಮೈಸೂರಿನ ಲಷ್ಕರ್ ಮೊಹಲ್ಲಾದ ಹೆಸರು ನೀವು ಕೇಳಿರಬಹುದು. ಲಷ್ಕರ್ ಎಂದರೆ ಸೈನ್ಯ, ದಂಡು ಎಂದರ್ಥ. ದಂಡು ಹೋದಲ್ಲೆಲ್ಲ ಡೇರೆ ಹಾಕಿ ಬೀಡು ಬಿಡುತ್ತಿತ್ತು. ಇಂದು ನಾವು ಬೇರೊಂದು ಬಗೆಯ ಬೀಡಿನ ಬಗ್ಗೆ ತಿಳಿಯೋಣ. ಇಲ್ಲಿ ಡೇರೆ ಹಾಕಿದವರ ಕೈಯಲ್ಲಿ ಕತ್ತಿ ಇರಲಿಲ್ಲ, ಗಾಳದ ಕೋಲು ಇತ್ತು!

ಶಿವನಸಮುದ್ರದ ಜಲಪಾತ ದಾಟಿದ ಕಾವೇರಿ ನದಿ ಕಾಡು ಬೆಟ್ಟಗಳ ನಡುವೆ ಹರಿದು ಮೇಕೆದಾಟು ಸೇರುತ್ತದೆ. ಈ ದಾರಿಯಲ್ಲಿ ಭೀಮೇಶ್ವರಿ, ಗಾಳಿಬೋರೆ ಎಂಬ ಸ್ಥಳಗಳಿವೆ. ಹಲವು ವರ್ಷ ಇಲ್ಲಿ ನದಿ ದಂಡೆಯ ಮರಗಳ ಕೆಳಗೆ ಮೀನುಗಾರಿಕೆ ಶಿಬಿರಗಳು ನಡೆದವು. ದೇಶ ವಿದೇಶಗಳಿಂದ ಜನ ಬಂದು ಡೇರೆಗಳಲ್ಲಿ ತಂಗುತ್ತಿದ್ದರು. ಅವರೆಲ್ಲ ಹುಡುಕುತ್ತಿದ್ದುದು ಮಹಶೀರ್ ಎಂಬ ಮೀನನ್ನು.

ಮಹಶೀರ್ ಎಷ್ಟು ದೊಡ್ಡದು ಗೊತ್ತೆ? ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಎಂಬುವರು 1946ರಲ್ಲಿ ಕಬಿನಿ ನದಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ನಿಮ್ಮ ತೂಕ ಎಷ್ಟು? ಹೋಲಿಸಿ ನೋಡಿ.

ಹಿಡಿದು ಬಿಡುವುದೇಕೆ?

ಶಿಬಿರದಲ್ಲಿ ಒಂದು ನಿಯಮವಿತ್ತು. ಹಿಡಿದ ಮಹಶೀರನ್ನು ತಿನ್ನುವಂತಿಲ್ಲ, ಮರಳಿ ನೀರಿಗೆ ಬಿಡಬೇಕು. ಬಿಡುವುದಕ್ಕೂ ಕ್ರಮವಿದೆ. ಮೀನಿನ ಮೈಮೇಲೆ ಲೋಳೆಯ ಪದರವಿರುತ್ತದೆ. ಅದು ಮೀನನ್ನು ರೋಗಾಣುಗಳಿಂದ ಕಾಪಾಡುತ್ತದೆ. ಒಣಗಿದ ಕೈಯಿಂದ ಹಿಡಿದರೆ ಲೋಳೆ ಕಿತ್ತುಬರುತ್ತದೆ. ಆದ್ದರಿಂದ ಕೈ ಒದ್ದೆ ಮಾಡಿಕೊಳ್ಳಬೇಕು. ಮೀನು ಕಿವಿರುಗಳಿಂದ ಉಸಿರಾಡುತ್ತದೆ. ನೀರಿನಿಂದ ಹೊರಗೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಮೀನಿಗೆ ಬೇಕಾದಷ್ಟು ಆಮ್ಲಜನಕ ದೊರೆಯುವುದಿಲ್ಲ. ಆದ್ದರಿಂದ ಮೀನನ್ನು ನೀರಿನಲ್ಲೇ ಇಟ್ಟು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿಯಬೇಕು. ದಣಿವಾರಿದ ಮೇಲೆ ಅದು ತಾನಾಗಿಯೇ ಈಜಿಹೋಗುತ್ತದೆ.

ದಿನಚರಿ ಹೇಳಿದ ಗುಟ್ಟು

ಗಾಳಿಬೋರೆಯಲ್ಲಿ ಇನ್ನೊಂದು ಒಳ್ಳೆಯ ರೂಢಿಯಿತ್ತು. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮಹಶೀರ್ ಸಿಕ್ಕವು, ತೂಕವೆಷ್ಟು ಎಂದು ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಈ ಬರಹಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವಿದೆ. ವಿಜ್ಞಾನಿಗಳು ಇದನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು.

ಗಂಟೆಗಳನ್ನು ಏಕೆ ಬರೆಯಬೇಕು? ಒಂದು ದಿನ 20 ಗಂಟೆ ಗಾಳ ಹಾಕಿದಾಗ 10 ಮೀನು ಸಿಕ್ಕವು, ಮರುದಿನ 10 ಗಂಟೆಗೆ 6 ಸಿಕ್ಕವು ಎಂದುಕೊಳ್ಳಿ. ಮೊದಲ ದಿನ ಗಂಟೆಗೆ 0.5, ಮರುದಿನ ಗಂಟೆಗೆ 0.6. ಮೀನು ಕಡಿಮೆ ಸಿಕ್ಕ ದಿನವೇ ಪ್ರಮಾಣ ಹೆಚ್ಚು! ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

ಹೀಗೆ ನೋಡಿದಾಗ ಸಿಗುವ ಮಹಶೀರ್‌ಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಸಂತೋಷದ ಸಂಗತಿಯಲ್ಲವೆ? ಸ್ವಲ್ಪ ತಾಳಿ. ನದಿಯಲ್ಲಿ ಎರಡು ಬಗೆಯ ಮಹಶೀರ್‌ಗಳಿದ್ದವು. ಒಂದು ಬೆನ್ನಿನ ಮೇಲೆ ಗೂನು ಇರುವ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್. ಇದು ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇದೆ. ಇನ್ನೊಂದು ನೀಲಿ ರೆಕ್ಕೆಯ ಮಹಶೀರ್. ಮಹಾರಾಷ್ಟ್ರದ ಲೋಣಾವಳದಲ್ಲಿ ಇದರ ಮರಿಗಳನ್ನು ಬೆಳೆಸಿ, ನದಿಯಲ್ಲಿ ಮೀನು ಹೆಚ್ಚಲೆಂದು 1970ರ ದಶಕದಿಂದ ಕಾವೇರಿಗೆ ತಂದು ಬಿಡಲಾಗಿತ್ತು. ಏರಿದ್ದೆಲ್ಲ ಈ ನೀಲಿ ರೆಕ್ಕೆಯ ಮೀನು. ಗೂನು ಬೆನ್ನಿನ ಮೀನು ಗಾಳಕ್ಕೆ ಸಿಗುವುದೇ ಬಹುತೇಕ ನಿಂತುಹೋಗಿತ್ತು.

ಒಟ್ಟು ಮೊತ್ತ ಏರುತ್ತಿದ್ದುದರಿಂದ ಈ ನಷ್ಟ ಯಾರ ಕಣ್ಣಿಗೂ ಬೇಗ ಬೀಳಲಿಲ್ಲ. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಇವೂ ಈ ಮೀನಿಗೆ ಕಂಟಕವೇ. 2018ರಲ್ಲಿ ಇದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿಯೈ ಎಂದು ಖಚಿತವಾಯಿತು. ಅದೇ ವರ್ಷ ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಈ ಭಾಗ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ 2012ರ ಹೊತ್ತಿಗೆ ಇಲ್ಲಿ ಗಾಳ ಹಾಕುವುದು ನಿಂತಿತು. ಮೀನಿಗೆ ನೋವು ತಪ್ಪಿತು. ಆದರೆ ದಿನಚರಿಯೂ ನಿಂತಿತು. ಗಾಳವಿಲ್ಲದೆ ಮೀನನ್ನು ಎಣಿಸುವುದು ಹೇಗೆ? ಇದಕ್ಕೆ ಮುಂದೆ ನೀವೂ ಉತ್ತರ ಹುಡುಕಬಹುದು.

ಮಾಡಿ ನೋಡಿ

ಶಿಕ್ಷಕರೊಂದಿಗೆ ಹತ್ತಿರದ ಕೆರೆಗೆ ಹೋಗಿ. ಮೈಸೂರಿನವರಾದರೆ ಕಾರಂಜಿ ಕೆರೆ ಅಥವಾ ಕುಕ್ಕರಹಳ್ಳಿ ಕೆರೆ ಆಗಬಹುದು. ನೀರಿಗೆ ಇಳಿಯಬೇಡಿ. ಒಂದೇ ಕಡೆ ಅರ್ಧ ಗಂಟೆ ಕುಳಿತು ಕಂಡ ಹಕ್ಕಿಗಳನ್ನು ಎಣಿಸಿ. ಪ್ರತಿ ಜಾತಿಗೂ ಬೇರೆ ಸಾಲು ಹಾಕಿ. ದಿನಾಂಕ, ಆರಂಭದ ವೇಳೆ, ಮುಗಿದ ವೇಳೆ ಬರೆಯಿರಿ. ಪ್ರತಿ ತಿಂಗಳೂ ಹೀಗೆ ಮಾಡಿ ಹೋಲಿಸಿ.

ಯೋಚಿಸಿ, ಉತ್ತರಿಸಿ

1. ಮೀನನ್ನು ಒದ್ದೆ ಕೈಯಿಂದಲೇ ಏಕೆ ಹಿಡಿಯಬೇಕು?
2. ಒಂದು ಕೆರೆಯಲ್ಲಿ ಹಕ್ಕಿಗಳ ಒಟ್ಟು ಸಂಖ್ಯೆ 40ರಿಂದ 60ಕ್ಕೆ ಏರಿತು. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ಹೇಳಬಹುದೆ? ಹೇಳುವ ಮೊದಲು ಇನ್ನೇನು ತಿಳಿಯಬೇಕು?